ಎಸ್. ಪಂಚರತ್ನಂ

ಶಿವರಾಮಕೃಷ್ಣನ್ ಪಂಚರತ್ನಂ (1934–1969) ಭಾರತದ ಭೌತವಿಜ್ಞಾನಿ. ಧ್ರುವೀಕೃತ ಬೆಳಕು, ಹರಳುಗಳ ದ್ಯುತಿವಿಜ್ಞಾನ ಮತ್ತು ಬೆಳಕಿನ ವ್ಯತಿಕರಣ ಅವರ ಮುಖ್ಯ ಕಾರ್ಯಕ್ಷೇತ್ರಗಳು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಗ 1956ರಲ್ಲಿ ಅವರು ಕಂಡುಕೊಂಡ ಫಲಿತಾಂಶವು ಇಂದು ಪಂಚರತ್ನಂ ಪ್ರಾವಸ್ಥೆ ಅಥವಾ ಪಂಚರತ್ನಂ–ಬೆರಿ ಪ್ರಾವಸ್ಥೆ ಎಂದು ಪ್ರಸಿದ್ಧವಾಗಿದೆ. ಅವರು 35ನೆಯ ವಯಸ್ಸಿನಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. ಈ ಶೋಧಕ್ಕೆ ವಿಶ್ವಮನ್ನಣೆ ದೊರೆತದ್ದು ಅವರ ಮರಣಾನಂತರ, ಪ್ರಕಟಣೆಯಾಗಿ ಸುಮಾರು ಮೂವತ್ತು ವರ್ಷಗಳು ಕಳೆದ ಮೇಲೆ. ಅವಳಿ ಫೋಟಾನುಗಳ ಸ್ಥಳಾತೀತ ಸಂಬಂಧ ಮತ್ತು ಎಂಟ್ಯಾಂಗಲ್‌ಮೆಂಟ್ ಎಂಬ ಹೆಣೆದುಕೊಂಡ ಸ್ಥಿತಿಯನ್ನು ಕುರಿತ ಪ್ರಯೋಗಗಳಲ್ಲಿಯೂ ಈ ಪ್ರಾವಸ್ಥೆಗೆ ಈಗ ಸ್ಥಾನವಿದೆ.

ಕುಟುಂಬ ಮತ್ತು ಆರಂಭಿಕ ಜೀವನ

ಪಂಚರತ್ನಂ 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ಅವರ ತಾಯಿ ನೊಬೆಲ್ ಪುರಸ್ಕೃತ ವಿಜ್ಞಾನಿ ಸಿ. ವಿ. ರಾಮನ್ ಅವರ ಸಹೋದರಿ. ಆದುದರಿಂದ ರಾಮನ್ ಅವರಿಗೆ ಸೋದರಮಾವನಾಗಬೇಕು. ಈ ಮನೆತನದಿಂದ ಹಲವು ಭೌತವಿಜ್ಞಾನಿಗಳು ಬಂದರು. ಅಣ್ಣಂದಿರಲ್ಲಿ ಎಸ್. ರಾಮಶೇಷನ್ ಹರಳುವಿಜ್ಞಾನಿಯಾಗಿ ಹೆಸರಾದರು ಮತ್ತು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಇನ್ನೊಬ್ಬ ಅಣ್ಣ ಎಸ್. ಚಂದ್ರಶೇಖರ್ ದ್ರವಸ್ಫಟಿಕಗಳ ಸಂಶೋಧನೆಯಿಂದ ಅಂತರರಾಷ್ಟ್ರೀಯ ಖ್ಯಾತಿ ಪಡೆದರು.

ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದ್ದರು. ಪಂಚರತ್ನಂ ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಅಲ್ಲಿ ಸಂಶೋಧನೆಯನ್ನು ಆರಂಭಿಸಿದರು. ಸಂಸ್ಥೆ ಚಿಕ್ಕದು, ಉಪಕರಣಗಳು ಸರಳ. ಆದರೆ ಖನಿಜಗಳು ಮತ್ತು ಹರಳುಗಳ ವಿಷಯದಲ್ಲಿ ರಾಮನ್ ಅವರಿಗಿದ್ದ ಅಪಾರ ಆಸಕ್ತಿಯು ಅಲ್ಲಿನ ಕೆಲಸದ ದಿಕ್ಕನ್ನು ನಿರ್ಧರಿಸಿತ್ತು. ಪಂಚರತ್ನಂ ಅವರ ಆರಂಭದ ಪ್ರಬಂಧಗಳು ಇಂಥ ಹರಳುಗಳ ಪರಿಶೀಲನೆಯಿಂದಲೇ ಹುಟ್ಟಿದವು ಮತ್ತು ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟವಾದವು.

ಧ್ರುವೀಕೃತ ಬೆಳಕು: ಹಿನ್ನೆಲೆ

ಬೆಳಕು ವಿದ್ಯುತ್ಕಾಂತೀಯ ತರಂಗ. ಅದರ ಕಂಪನವು ಬೆಳಕು ಸಾಗುವ ದಿಕ್ಕಿಗೆ ಅಡ್ಡವಾಗಿರುತ್ತದೆ. ಸೂರ್ಯನ ನೇರ ಬೆಳಕಿನಲ್ಲಿ ಈ ಕಂಪನವು ಎಲ್ಲ ಅಡ್ಡ ದಿಕ್ಕುಗಳಲ್ಲಿಯೂ ಹಂಚಿಹೋಗಿರುತ್ತದೆ. ಒಂದೇ ನಿಶ್ಚಿತ ಬಗೆಯಲ್ಲಿ ಕಂಪಿಸುವ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ನೀರಿನ ಮೇಲೆ ಓರೆಯಾಗಿ ಬಿದ್ದು ಪ್ರತಿಫಲಿಸಿದ ಬೆಳಕು ಬಹುಮಟ್ಟಿಗೆ ಧ್ರುವೀಕೃತವಾಗಿರುತ್ತದೆ. ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಇವೆ. ಇಳಿಹೊತ್ತಿನಲ್ಲಿ ಅಲ್ಲಿ ನಿಂತು ಧ್ರುವಕದ ಹಾಳೆಯೊಂದನ್ನು ಕಣ್ಣೆದುರು ಹಿಡಿದು ನಿಧಾನವಾಗಿ ತಿರುಗಿಸಿದರೆ ನೀರಿನ ಝಳಪು ಒಮ್ಮೆ ಹೆಚ್ಚುತ್ತದೆ, ಒಮ್ಮೆ ತಗ್ಗುತ್ತದೆ. ಇದು ಧ್ರುವೀಕರಣದ ಅಳತೆಯ ಅತ್ಯಂತ ಸರಳ ರೂಪ.

ಧ್ರುವೀಕರಣದಲ್ಲಿ ಸರಳರೇಖೆಯ, ವೃತ್ತಾಕಾರದ ಮತ್ತು ದೀರ್ಘವೃತ್ತಾಕಾರದ ಬಗೆಗಳಿವೆ. ಇವೆಲ್ಲವನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ತೋರಿಸುವ ವಿಧಾನವನ್ನು ಫ್ರಾನ್ಸಿನ ಗಣಿತಜ್ಞ ಆನ್ರಿ ಪೊಯಂಕಾರೆ 1892ರಲ್ಲಿ ಸೂಚಿಸಿದ್ದರು. ಈ ಗೋಳದ ಸಮಭಾಜಕದ ಮೇಲೆ ಸರಳರೇಖೆಯ ಧ್ರುವೀಕರಣಗಳೂ ಎರಡು ಧ್ರುವಗಳಲ್ಲಿ ಎಡಸುತ್ತಿನ ಮತ್ತು ಬಲಸುತ್ತಿನ ವೃತ್ತಾಕಾರ ಧ್ರುವೀಕರಣಗಳೂ ಉಳಿದೆಡೆ ದೀರ್ಘವೃತ್ತಾಕಾರದವುಗಳೂ ಇರುತ್ತವೆ. ಪಂಚರತ್ನಂ ಈ ಗೋಳವನ್ನು ಕೇವಲ ಚಿತ್ರವಾಗಿ ಬಳಸದೆ, ಲೆಕ್ಕ ಮಾಡುವ ಮತ್ತು ಯೋಚಿಸುವ ಸಾಧನವನ್ನಾಗಿ ಮಾಡಿಕೊಂಡರು.

ಬೆಂಗಳೂರಿನ ಸಂಶೋಧನೆಗಳು

ವರ್ಣದೋಷವಿಲ್ಲದ ತರಂಗ ಫಲಕ

ದ್ವಿವಕ್ರೀಭವನವುಳ್ಳ ಹರಳಿನ ತೆಳು ಫಲಕವೊಂದು ಸರಳರೇಖೆಯ ಧ್ರುವೀಕರಣವನ್ನು ವೃತ್ತಾಕಾರಕ್ಕೆ ಬದಲಾಯಿಸಬಲ್ಲದು. ಇದನ್ನು ಕಾಲುತರಂಗ ಫಲಕ ಎನ್ನುತ್ತಾರೆ. ಅದರ ದಪ್ಪವು ಒಂದು ಬಣ್ಣದ ಬೆಳಕಿಗೆ ಸರಿಹೊಂದಿದ್ದರೆ ಉಳಿದ ಬಣ್ಣಗಳಿಗೆ ಹೊಂದುವುದಿಲ್ಲ. ಹೀಗಾಗಿ ಬೇರೆ ಬಣ್ಣಗಳಲ್ಲಿ ಅಳತೆ ತಪ್ಪುತ್ತದೆ. 1955ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಲ್ಲಿ ಪಂಚರತ್ನಂ ಇದಕ್ಕೆ ಪರಿಹಾರ ನೀಡಿದರು. ಒಂದೇ ವಸ್ತುವಿನ ಮೂರು ಫಲಕಗಳನ್ನು ಲೆಕ್ಕ ಹಾಕಿದ ಕೋನಗಳಲ್ಲಿ ಒಂದರ ಹಿಂದೊಂದು ಇಟ್ಟರೆ ಒಂದರ ದೋಷವನ್ನು ಇನ್ನೊಂದು ಸರಿದೂಗಿಸುತ್ತದೆ ಎಂದು ಅವರು ತೋರಿಸಿದರು. ಅವರ ಕಾಲುತರಂಗ ಫಲಕದಲ್ಲಿ ಹೊರಗಿನ ಎರಡು ಫಲಕಗಳು ಸಮಾನ, ನಡುವಿನದು ಅರ್ಧತರಂಗ ಫಲಕ. ನಿರ್ದೋಷವಾದ ಒಂದು ಭಾಗವನ್ನು ಅರಸುವುದಕ್ಕೆ ಬದಲಾಗಿ ದೋಷವಿರುವ ಭಾಗಗಳನ್ನು ಜೋಡಿಸಿ ದೋಷವನ್ನು ಅಳಿಸುವ ಈ ಉಪಾಯವು ಮುಂದೆ ನಕ್ಷತ್ರಗಳ ಬೆಳಕಿನ ಧ್ರುವೀಕರಣವನ್ನು ಅಳೆಯುವ ಖಗೋಳ ಉಪಕರಣಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬಂದಿತು.

ಬೆಳಕನ್ನು ಹೀರುವ ಹರಳುಗಳು

ಅಯೋಲೈಟ್ ಎಂಬ ನೀಲಿ ಖನಿಜವು ನೋಡುವ ದಿಕ್ಕು ಬದಲಾದಂತೆ ಬೇರೆ ಬೇರೆ ಬಣ್ಣಗಳನ್ನು ತೋರುತ್ತದೆ. ಅದು ಬೆಳಕನ್ನು ಹೀರಿಕೊಳ್ಳುವ ಪ್ರಮಾಣವು ಧ್ರುವೀಕರಣವನ್ನು ಅವಲಂಬಿಸಿರುವುದೇ ಇದಕ್ಕೆ ಕಾರಣ. ಸಾಮಾನ್ಯ ಪಾರದರ್ಶಕ ಹರಳಿನೊಳಗೆ ಬೆಳಕು ಪರಸ್ಪರ ಲಂಬವಾದ ಧ್ರುವೀಕರಣವುಳ್ಳ ಎರಡು ತರಂಗಗಳಾಗಿ ಒಡೆಯುತ್ತದೆ. ಬೆಳಕನ್ನು ಹೀರುವ ಹರಳಿನಲ್ಲಿ ಈ ಎರಡು ತರಂಗಗಳು ಪರಸ್ಪರ ಲಂಬವಾಗಿರಬೇಕೆಂಬ ನಿಯಮವಿಲ್ಲ. ಕೆಲವು ವಿಶೇಷ ದಿಕ್ಕುಗಳಲ್ಲಿ ಎರಡೂ ಒಂದಾಗಿ ಬೆರೆತು ಒಂದೇ ವೃತ್ತಾಕಾರದ ಧ್ರುವೀಕರಣ ಉಳಿಯುತ್ತದೆ. 1955ರ ಪ್ರಬಂಧಗಳಲ್ಲಿ ಪಂಚರತ್ನಂ ಈ ವಿಶೇಷ ದಿಕ್ಕುಗಳ ಸಿದ್ಧಾಂತವನ್ನೂ ಪ್ರಯೋಗಗಳನ್ನೂ ವಿವರಿಸಿದರು. ಎರಡು ಸ್ಥಿತಿಗಳು ಒಂದಾಗಿ ಹೋಗುವ ಇಂಥ ಬಿಂದುಗಳು ಹಲವು ದಶಕಗಳ ನಂತರ ಭೌತವಿಜ್ಞಾನದ ಸ್ವತಂತ್ರ ಅಧ್ಯಯನ ವಿಷಯವಾದವು.

ಪಂಚರತ್ನಂ ಪ್ರಾವಸ್ಥೆ

ಮೇಲಿನ ಕೆಲಸವೇ ಅವರನ್ನು ಅತ್ಯಂತ ಪ್ರಸಿದ್ಧ ಶೋಧದ ಕಡೆಗೆ ಒಯ್ದಿತು. ಒಂದೇ ಬಗೆಯ ಧ್ರುವೀಕರಣವುಳ್ಳ ಎರಡು ಬೆಳಕಿನ ಕಿರಣಗಳು ಹೇಗೆ ವ್ಯತಿಕರಿಸುತ್ತವೆ ಎಂಬುದೂ ಪರಸ್ಪರ ಲಂಬವಾದವು ವ್ಯತಿಕರಿಸುವುದಿಲ್ಲ ಎಂಬುದೂ ಹತ್ತೊಂಬತ್ತನೆಯ ಶತಮಾನದಿಂದ ತಿಳಿದಿತ್ತು. ಹೀರುವ ಹರಳಿನ ತರಂಗಗಳು ಇವೆರಡರಲ್ಲಿ ಯಾವ ಗುಂಪಿಗೂ ಸೇರುತ್ತಿರಲಿಲ್ಲ. ಬೇರೆ ಬೇರೆ ಧ್ರುವೀಕರಣವುಳ್ಳ ಎರಡು ಕಿರಣಗಳು ಒಂದೇ ಪ್ರಾವಸ್ಥೆಯಲ್ಲಿವೆ ಎಂದು ಯಾವಾಗ ಹೇಳಬೇಕು ಎಂಬ ಮೂಲಪ್ರಶ್ನೆಯೇ ಅವರ ಎದುರಿಗಿತ್ತು. 1956ರ ಪ್ರಬಂಧದಲ್ಲಿ ಅವರು ಸರಳವಾದ ನಿಯಮವನ್ನು ಮುಂದಿಟ್ಟರು. ಎರಡು ಕಿರಣಗಳನ್ನು ಸೇರಿಸಿದಾಗ ಒಟ್ಟು ತೀವ್ರತೆ ಗರಿಷ್ಠವಾಗುವುದಾದರೆ ಅವು ಒಂದೇ ಪ್ರಾವಸ್ಥೆಯಲ್ಲಿವೆ.

ಈ ನಿಯಮದಿಂದ ಅನಿರೀಕ್ಷಿತವಾದ ಫಲ ದೊರೆಯಿತು. ಮೂರು ಗಡಿಯಾರಗಳಲ್ಲಿ ಮೊದಲನೆಯದು ಎರಡನೆಯದಕ್ಕೂ ಎರಡನೆಯದು ಮೂರನೆಯದಕ್ಕೂ ಹೊಂದಿದರೆ ಮೊದಲನೆಯದೂ ಮೂರನೆಯದೂ ಹೊಂದಲೇಬೇಕು. ಧ್ರುವೀಕೃತ ಬೆಳಕಿನಲ್ಲಿ ಹಾಗಾಗುವುದಿಲ್ಲ. ಮೊದಲ ಕಿರಣವು ಎರಡನೆಯದರೊಡನೆ ಮತ್ತು ಎರಡನೆಯದು ಮೂರನೆಯದರೊಡನೆ ಒಂದೇ ಪ್ರಾವಸ್ಥೆಯಲ್ಲಿದ್ದರೂ ಮೂರನೆಯದು ಮೊದಲನೆಯದರಿಂದ ವ್ಯತ್ಯಾಸ ಹೊಂದಿರಬಹುದು. ಆ ವ್ಯತ್ಯಾಸದ ಪ್ರಮಾಣವು ಪೊಯಂಕಾರೆ ಗೋಳದ ಮೇಲೆ ಮೂರು ಧ್ರುವೀಕರಣಗಳು ರೂಪಿಸುವ ತ್ರಿಕೋನದ ಘನಕೋನದ ಅರ್ಧದಷ್ಟು. ಉದಾಹರಣೆಗೆ, ಅಡ್ಡರೇಖೆಯ, 45° ಓರೆಯ ಮತ್ತು ವೃತ್ತಾಕಾರದ ಧ್ರುವೀಕರಣಗಳು ಸೇರಿ ಗೋಳದ ಎಂಟನೆಯ ಒಂದು ಭಾಗವನ್ನು ಆವರಿಸುತ್ತವೆ. ಅಲ್ಲಿನ ಪ್ರಾವಸ್ಥೆಯ ವ್ಯತ್ಯಾಸವು 45°. ಬೆಳಕು ಕ್ರಮಿಸಿದ ದೂರದಿಂದ ಇದು ಬರುವುದಿಲ್ಲ. ಧ್ರುವೀಕರಣವು ಗೋಳದ ಮೇಲೆ ಸುತ್ತಿಬಂದ ದಾರಿಯ ಜ್ಯಾಮಿತಿಯಿಂದಷ್ಟೇ ಬರುತ್ತದೆ. ಆಗ ಪಂಚರತ್ನಂ ಅವರಿಗೆ 22 ವರ್ಷ.

ಅದೇ ವರ್ಷದ ಎರಡನೆಯ ಪ್ರಬಂಧದಲ್ಲಿ ಅವರು ಭಾಗಶಃ ಮಾತ್ರ ಸುಸಂಬದ್ಧವಾದ ಕಿರಣಗಳಿಗೆ ಈ ಸಿದ್ಧಾಂತವನ್ನು ವಿಸ್ತರಿಸಿದರು. ಪ್ರಯೋಗಾಲಯದಲ್ಲಿ ದೊರೆಯುವ ಬೆಳಕು ಎಂದೂ ಪೂರ್ಣವಾಗಿ ಸುಸಂಬದ್ಧವಲ್ಲ, ಪೂರ್ಣವಾಗಿ ಧ್ರುವೀಕೃತವೂ ಅಲ್ಲ. ಆದರ್ಶ ಕಿರಣಕ್ಕೆ ಬರೆದ ಸಿದ್ಧಾಂತವನ್ನು ನಿಜವಾದ ಕಿರಣಕ್ಕೆ ಹೊಂದಿಸುವ ಈ ಕಾಳಜಿ ಅವರ ಮುಂದಿನ ಬರಹಗಳಲ್ಲಿಯೂ ಕಾಣುತ್ತದೆ.

ಮೈಸೂರು ಮತ್ತು ಆಕ್ಸ್‌ಫರ್ಡ್

ಪಂಚರತ್ನಂ 25ನೆಯ ವಯಸ್ಸಿನಲ್ಲಿಯೇ ಭಾರತೀಯ ವಿಜ್ಞಾನ ಅಕಾಡೆಮಿಯ ಫೆಲೋ ಆಗಿ ಆಯ್ಕೆಯಾದರು. 1961ರಿಂದ 1964ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ರೀಡರ್ ಆಗಿ ಸೇವೆ ಸಲ್ಲಿಸಿದರು. ಅಣ್ಣ ಚಂದ್ರಶೇಖರ್ ಆಗ ಅದೇ ವಿಭಾಗದ ಮುಖ್ಯಸ್ಥರಾಗಿದ್ದರು. ಹಲವು ಬಣ್ಣಗಳು ಬೆರೆತ ಬೆಳಕಿನ ಭಾಗಶಃ ಧ್ರುವೀಕರಣ ಮತ್ತು ಭಾಗಶಃ ಸುಸಂಬದ್ಧತೆಯನ್ನು ಕುರಿತ ಅವರ ಪ್ರಬಂಧಗಳು 1963ರಲ್ಲಿ ಪ್ರಕಟವಾದವು.

1964ರಲ್ಲಿ ಅವರು ಇಂಗ್ಲೆಂಡಿಗೆ ತೆರಳಿ ಆಕ್ಸ್‌ಫರ್ಡ್‌ನ ಸೇಂಟ್ ಕ್ಯಾಥರಿನ್ಸ್ ಕಾಲೇಜಿನ ಸಂಶೋಧನಾ ಫೆಲೋ ಆದರು. ಅಲ್ಲಿ ಜಾರ್ಜ್ ಸೀರೀಸ್ ಅವರೊಡನೆ ಪರಮಾಣುಗಳ ಮೇಲೆ ಬೆಳಕಿನ ಪರಿಣಾಮವನ್ನು ಅಧ್ಯಯನ ಮಾಡಿದರು. ಬೆಳಕು ಬಿದ್ದಾಗ ಪರಮಾಣುವಿನ ಶಕ್ತಿಮಟ್ಟಗಳು ಸ್ವಲ್ಪ ಸರಿಯುವ ವಿದ್ಯಮಾನವನ್ನು ಕುರಿತ ಅವರ ಪ್ರಬಂಧವು 1966ರಲ್ಲಿ ಹೊರಬಂದಿತು. 1969ರಲ್ಲಿ ಅವರು ನಿಧನರಾದರು. ಗುರುವೂ ಸೋದರಮಾವನೂ ಆಗಿದ್ದ ರಾಮನ್ ಮರುವರ್ಷ, 1970ರ ನವೆಂಬರ್ 21ರಂದು ತೀರಿಕೊಂಡರು. ಪಂಚರತ್ನಂ ಅವರ ಪ್ರಬಂಧಗಳ ಸಂಗ್ರಹವು ಸೀರೀಸ್ ಅವರ ಸಂಪಾದಕತ್ವದಲ್ಲಿ 1975ರಲ್ಲಿ ಪ್ರಕಟವಾಯಿತು.

ಮರಣೋತ್ತರ ಮನ್ನಣೆ

ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಮ್ ವ್ಯವಸ್ಥೆಗಳ ಜ್ಯಾಮಿತೀಯ ಪ್ರಾವಸ್ಥೆಯನ್ನು ಕುರಿತು ಪ್ರಬಂಧ ಬರೆದರು. ನಿಧಾನವಾಗಿ ಬದಲಾಗುತ್ತ ಮೊದಲಿನ ಸ್ಥಿತಿಗೆ ಮರಳುವ ವ್ಯವಸ್ಥೆಯು ತಾನು ಕ್ರಮಿಸಿದ ದಾರಿಯ ಗುರುತನ್ನು ಪ್ರಾವಸ್ಥೆಯಲ್ಲಿ ಉಳಿಸಿಕೊಳ್ಳುತ್ತದೆ ಎಂಬುದು ಅದರ ಸಾರ. 1986ರಲ್ಲಿ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದು, ಪಂಚರತ್ನಂ ಅವರ 1956ರ ಫಲಿತಾಂಶವು ಇದರ ಪೂರ್ವೋದಾಹರಣೆ ಎಂದು ತೋರಿಸಿದರು. ಅಣ್ಣನೊಬ್ಬ ತಮ್ಮನ ಮರೆತುಹೋದ ಕೆಲಸವನ್ನು ಜಗತ್ತಿನ ಗಮನಕ್ಕೆ ತಂದ ಸಂದರ್ಭವಿದು. ಬೆರಿ ಇದನ್ನು ಮುಕ್ತವಾಗಿ ಒಪ್ಪಿ, 1987ರಲ್ಲಿ ಎರಡು ಪ್ರಾವಸ್ಥೆಗಳ ಸಂಬಂಧವನ್ನು ವಿವರಿಸುವ ಪ್ರಬಂಧ ಬರೆದರು. 1994ರಲ್ಲಿ ಪಂಚರತ್ನಂ ಅವರ ಒಟ್ಟು ಸಾಧನೆಯನ್ನು ಪ್ರಶಂಸಿಸಿ ಮತ್ತೊಂದು ಲೇಖನ ಪ್ರಕಟಿಸಿದರು.

ರಾಮನ್ ಸಂಶೋಧನಾ ಸಂಸ್ಥೆಯ ಜೋಸೆಫ್ ಸ್ಯಾಮ್ಯುಯೆಲ್ ಮತ್ತು ರಾಜೇಂದ್ರ ಭಂಡಾರಿ 1988ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ವ್ಯವಸ್ಥೆಯು ಮೊದಲಿನ ಸ್ಥಿತಿಗೆ ಮರಳದಿದ್ದರೂ, ನಡುವೆ ಅಳತೆಗಳು ನಡೆದು ಅದರ ಸಹಜ ಗತಿಗೆ ತಡೆಬಂದರೂ ಜ್ಯಾಮಿತೀಯ ಪ್ರಾವಸ್ಥೆಗೆ ಅರ್ಥವಿದೆ ಎಂದು ಪಂಚರತ್ನಂ ಅವರ ನಿಯಮದ ಆಧಾರದಿಂದಲೇ ತೋರಿಸಿದರು. ಧ್ರುವಕದ ಮೂಲಕ ಬೆಳಕನ್ನು ಹಾಯಿಸುವುದು ಕ್ವಾಂಟಮ್ ಭಾಷೆಯಲ್ಲಿ ಒಂದು ಅಳತೆ. ಆದುದರಿಂದ ಒಂದರ ನಂತರ ಒಂದು ಧ್ರುವಕವನ್ನು ದಾಟಿದ ಫೋಟಾನಿಗೂ ಈ ಪ್ರಾವಸ್ಥೆ ಅನ್ವಯಿಸುತ್ತದೆ.

ಸ್ಥಳಾತೀತತೆ ಮತ್ತು ದೋಷವುಳ್ಳ ಅಳತೆಗಳು

ಪಂಚರತ್ನಂ ಅವರ ಕೃತಿಗಳ ವಿಷಯ ಎಂಟ್ಯಾಂಗಲ್‌ಮೆಂಟ್ ಅಲ್ಲ. ಆದರೆ ಅವರ ಜೀವಿತದ ಕೊನೆಯ ವರ್ಷಗಳಲ್ಲಿಯೇ ಆ ವಿಷಯ ರೂಪುಗೊಳ್ಳುತ್ತಿತ್ತು. ಅವರು ಆಕ್ಸ್‌ಫರ್ಡಿಗೆ ಹೋದ 1964ರಲ್ಲಿ ಜಾನ್ ಬೆಲ್ ತಮ್ಮ ಪ್ರಸಿದ್ಧ ಅಸಮತೆಯನ್ನು ಮಂಡಿಸಿದರು. ಅವರು ತೀರಿಕೊಂಡ 1969ರಲ್ಲಿ ಕ್ಲೌಸರ್, ಹಾರ್ನ್, ಶಿಮೊನಿ ಮತ್ತು ಹೋಲ್ಟ್ ಅದನ್ನು ದೋಷವುಳ್ಳ ನಿಜವಾದ ಉಪಕರಣಗಳಿಂದಲೂ ಪರೀಕ್ಷಿಸಬಹುದಾದ ರೂಪಕ್ಕೆ ತಂದರು.

ಬೆಲ್ ಎತ್ತಿದ ಪ್ರಶ್ನೆಯನ್ನು ಹೀಗೆ ವಿವರಿಸಬಹುದು. ಒಂದು ಅಡಿಕೆಯನ್ನು ಎರಡು ಹೋಳು ಮಾಡಿ ಒಂದನ್ನು ಬೈಂದೂರಿಗೂ ಇನ್ನೊಂದನ್ನು ಬ್ರಹ್ಮಾವರಕ್ಕೂ ಮುಚ್ಚಿದ ಡಬ್ಬಿಗಳಲ್ಲಿ ಕಳುಹಿಸಿದರೆ, ತೆರೆದಾಗ ಎರಡೂ ಹೋಳುಗಳ ಅಂಚು ಹೊಂದುವುದರಲ್ಲಿ ಆಶ್ಚರ್ಯವಿಲ್ಲ. ಹೊಂದಾಣಿಕೆಯು ಕುಂದಾಪುರದಲ್ಲಿ ಅಡಿಕೆ ಕತ್ತರಿಸಿದಾಗಲೇ ನಿಶ್ಚಯವಾಗಿತ್ತು. ಅವಳಿ ಫೋಟಾನುಗಳ ಹೊಂದಾಣಿಕೆಯೂ ಹೀಗೆ ಮೊದಲೇ ನಿಶ್ಚಯವಾದದ್ದೇ ಎಂಬುದು ಪ್ರಶ್ನೆ. ಹಾಗಿದ್ದರೆ, ಎರಡು ಕಡೆಗಳಲ್ಲಿ ತಲಾ ಎರಡು ಬಗೆಯ ಅಳತೆ ನಡೆಸಿ ಲೆಕ್ಕ ಹಾಕಿದ ಒಂದು ಮೊತ್ತವು 2ನ್ನು ಮೀರಲಾರದು. ಕ್ವಾಂಟಮ್ ಸಿದ್ಧಾಂತದ ಪ್ರಕಾರ ಅದು ಸುಮಾರು 2.83ರವರೆಗೆ ಹೋಗಬಹುದು. 1972ರಲ್ಲಿ ಫ್ರೀಡ್‌ಮನ್ ಮತ್ತು ಕ್ಲೌಸರ್, 1980ರ ದಶಕದ ಆರಂಭದಲ್ಲಿ ಅಲೆನ್ ಆಸ್ಪೆ ಮತ್ತು ಸಂಗಡಿಗರು ಕ್ಯಾಲ್ಸಿಯಂ ಪರಮಾಣುಗಳಿಂದ ಹೊಮ್ಮಿದ ಫೋಟಾನುಗಳ ಧ್ರುವೀಕರಣವನ್ನು ಅಳೆದು ಕ್ವಾಂಟಮ್ ಸಿದ್ಧಾಂತದ ಪರವಾದ ಫಲಿತಾಂಶ ಪಡೆದರು.

ಇಂಥ ಪ್ರಯೋಗಗಳಲ್ಲಿ ಪ್ರತಿಯೊಂದು ಧ್ರುವಕದ ನಿಲುವೂ ಪೊಯಂಕಾರೆ ಗೋಳದ ಮೇಲಿನ ಒಂದು ಬಿಂದು. ಆ ಬಿಂದು ತುಸು ಸರಿದಿರಬಹುದು, ತರಂಗ ಫಲಕದ ದಪ್ಪ ತಪ್ಪಿರಬಹುದು, ಡಿಟೆಕ್ಟರ್ ಕೆಲವು ಫೋಟಾನುಗಳನ್ನು ಕಾಣದೆ ಬಿಡಬಹುದು. ಇವುಗಳ ಪರಿಣಾಮ ಒಂದೇ ಬಗೆಯದಲ್ಲ.

ವ್ಯತಿಕರಣದ ಸ್ಪಷ್ಟತೆ ಶೇ. 70.7ಕ್ಕಿಂತ ಕೆಳಗಿಳಿದರೆ 2.83ರ ಮೊತ್ತವು 2ಕ್ಕೆ ಇಳಿದು ಬೆಲ್ ಅಸಮತೆಯ ಉಲ್ಲಂಘನೆ ಮಾಯವಾಗುತ್ತದೆ. ಧ್ರುವಕದ ಕೋನ ತಪ್ಪಿದರೂ ಮೊತ್ತ ಕುಗ್ಗಬಹುದು. ಆದರೆ 2 ಎಂಬ ಮಿತಿ ಮಾತ್ರ ಬದಲಾಗುವುದಿಲ್ಲ, ಏಕೆಂದರೆ ಉಪಕರಣದ ಒಳರಚನೆಯ ಬಗ್ಗೆ ಅದು ಏನನ್ನೂ ಊಹಿಸಿಕೊಳ್ಳುವುದಿಲ್ಲ. ಕೋನದ ತಪ್ಪಿನಿಂದ ಸುಳ್ಳು ಉಲ್ಲಂಘನೆ ಹುಟ್ಟದು.

ಎಂಟ್ಯಾಂಗಲ್‌ಮೆಂಟನ್ನು ಗುರುತಿಸುವ ಇತರ ಹಲವು ಪರೀಕ್ಷೆಗಳು ಉಪಕರಣವನ್ನು ನಂಬುತ್ತವೆ. ಗೋಳದ ಮೇಲೆ ಪರಸ್ಪರ 90° ಅಂತರವಿರುವ ಎರಡು ಅಳತೆಗಳನ್ನು ಎರಡೂ ಕಡೆ ನಡೆಸಿ ಹೊಂದಾಣಿಕೆಗಳನ್ನು ಕೂಡಿಸಿದರೆ, ಹೆಣೆದುಕೊಳ್ಳದ ಫೋಟಾನುಗಳಿಗೆ ಮೊತ್ತವು 1ನ್ನು ಮೀರದು. ಎರಡು ನಿಲುವುಗಳ ನಡುವಣ ಕೋನದಲ್ಲಿ ಎರಡೂ ಕಡೆ 1° ತಪ್ಪಿದ್ದರೆ ಗೋಳದ ಮೇಲೆ ಅದು 2° ಆಗುತ್ತದೆ, ಮಿತಿಯು ಸುಮಾರು 1.035ಕ್ಕೆ ಏರುತ್ತದೆ. ಎರಡು ಅಳತೆಗಳೂ ಒಂದೇ ದಿಕ್ಕಿಗೆ ಸರಿದುಬಿಟ್ಟರೆ ಹೆಣೆದುಕೊಳ್ಳದ ಫೋಟಾನುಗಳೇ 2ರ ಮೊತ್ತ ಕೊಡಬಲ್ಲವು. ಆದುದರಿಂದ ಉಪಕರಣದ ದೋಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇಲ್ಲದ ಎಂಟ್ಯಾಂಗಲ್‌ಮೆಂಟ್ ಇದೆ ಎಂದು ತೀರ್ಮಾನಿಸುವ ಅಪಾಯವಿದೆ.

ಡಿಟೆಕ್ಟರಿನ ಕಥೆ ಬೇರೆ. ಕಂಡ ಫೋಟಾನುಗಳು ಕಾಣದವುಗಳ ಯೋಗ್ಯ ಮಾದರಿ ಎಂದು ಊಹಿಸಿಕೊಳ್ಳದೆ ಬೆಲ್ ಪರೀಕ್ಷೆ ನಡೆಸಬೇಕಾದರೆ, ಪೂರ್ಣವಾಗಿ ಹೆಣೆದುಕೊಂಡ ಜೋಡಿಗಳಿಗೆ ಡಿಟೆಕ್ಟರಿನ ದಕ್ಷತೆ ಸುಮಾರು ಶೇ. 82.8ನ್ನು ಮೀರಬೇಕು. ಅರೆಬರೆ ಹೆಣೆದುಕೊಂಡ ಜೋಡಿಗಳನ್ನು ಬಳಸಿದರೆ ಶೇ. 66.7ನ್ನು ಮೀರಿದರೆ ಸಾಕು ಎಂದು ಫಿಲಿಪ್ ಎಬರ್‌ಹಾರ್ಡ್ 1993ರಲ್ಲಿ ತೋರಿಸಿದರು. 2015ರಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್, ಆಸ್ಟ್ರಿಯಾದ ವಿಯೆನ್ನಾ ಮತ್ತು ಅಮೆರಿಕದ ಬೌಲ್ಡರ್‌ನ ತಂಡಗಳು ಮುಖ್ಯ ಲೋಪಗಳನ್ನು ಏಕಕಾಲಕ್ಕೆ ಮುಚ್ಚಿ ಪರೀಕ್ಷೆ ನಡೆಸಿದವು. ಆಸ್ಪೆ, ಕ್ಲೌಸರ್ ಮತ್ತು ಆಂಟನ್ ಜೈಲಿಂಗರ್ ಅವರಿಗೆ 2022ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು.

ಸ್ಥಳಾತೀತ ಪಂಚರತ್ನಂ ಪ್ರಾವಸ್ಥೆ

ಅವಳಿ ಫೋಟಾನುಗಳನ್ನು ಬಳಸಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಕ್ವಾಂಟಮ್ ಮಟ್ಟದಲ್ಲಿ ಪಾಲ್ ಕ್ವಿಯಟ್ ಮತ್ತು ರೇಮಂಡ್ ಚಾವ್ 1991ರಲ್ಲಿ ಗಮನಿಸಿದರು. 2010ರಲ್ಲಿ ಪೂನಂ ಮೆಹ್ತಾ, ಜೋಸೆಫ್ ಸ್ಯಾಮ್ಯುಯೆಲ್ ಮತ್ತು ಸುಪೂರ್ಣಾ ಸಿನ್ಹಾ ಅವರು ಎರಡು ಫೋಟಾನುಗಳು ಒಟ್ಟಾಗಿ ಪಡೆಯುವ ಸ್ಥಳಾತೀತ ಪಂಚರತ್ನಂ ಪ್ರಾವಸ್ಥೆಯನ್ನು ಅಳೆಯುವ ಪ್ರಯೋಗವನ್ನು ಸೂಚಿಸಿದರು. ಧ್ರುವಕಗಳ ಮೂಲಕ ಹಾದುಬರುವ ಎರಡು ಸ್ವತಂತ್ರ ಬೆಳಕಿನ ಮೂಲಗಳು, ಧ್ರುವಕಗಳನ್ನು ಹೊಂದಿದ ಎರಡು ಡಿಟೆಕ್ಟರುಗಳು ಇದರ ಅಂಗಗಳು. ಒಂದೊಂದು ಡಿಟೆಕ್ಟರಿನ ಎಣಿಕೆಯನ್ನು ಬೇರೆಯಾಗಿ ನೋಡಿದರೆ ಪ್ರಾವಸ್ಥೆಯ ಸುಳಿವೇ ಇರುವುದಿಲ್ಲ. ಎರಡರಲ್ಲಿಯೂ ಒಟ್ಟಿಗೆ ಬಂದ ಫೋಟಾನುಗಳ ಎಣಿಕೆಯಲ್ಲಿ ಮಾತ್ರ ಅದು ಪ್ರಕಟವಾಗುತ್ತದೆ. ಪೊಯಂಕಾರೆ ಗೋಳದ ಮೇಲಿನ ಘನಕೋನದ ಅರ್ಧ ಎಂಬ 1956ರ ಸೂತ್ರವೇ ಇಲ್ಲಿಯೂ ಮರುಕಳಿಸುತ್ತದೆ. 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದನ್ನು ದೃಢಪಡಿಸಿತು. ಸ್ಯಾಮ್ಯುಯೆಲ್ ಮತ್ತು ಸಿನ್ಹಾ ಅದರ ಲೇಖಕರಲ್ಲಿ ಸೇರಿದ್ದರು.

ಈ ಪ್ರಯೋಗದಲ್ಲಿ ಸ್ಥಳಾತೀತ ಎಂಬ ಪದವು ಬೆಲ್ ಅಸಮತೆಯ ಉಲ್ಲಂಘನೆಯನ್ನು ಸೂಚಿಸುವುದಿಲ್ಲ. ಪರಿಣಾಮವು ಯಾವೊಂದು ಡಿಟೆಕ್ಟರಿನಲ್ಲಿಯೂ ನೆಲೆಸದೆ ಎರಡರ ಸಂಬಂಧದಲ್ಲಿ ಮಾತ್ರ ನೆಲೆಸಿದೆ ಎಂಬುದಷ್ಟೇ ಅದರ ಅರ್ಥ. ಆದರೂ ಫೋಟಾನುಗಳ ಎಂಟ್ಯಾಂಗಲ್‌ಮೆಂಟನ್ನು ಬೇಕಾದಂತೆ ಹೊಂದಿಸಲು ಈ ಪ್ರಾವಸ್ಥೆಯನ್ನು ಬಳಸಬಹುದೆಂದು ಸಂಶೋಧಕರು ಸೂಚಿಸಿದ್ದಾರೆ.

ಪರಂಪರೆ

ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಬೆಳಕಿನ ಮೂಲಭೂತ ಪರೀಕ್ಷೆಗಳು ಮುಂದುವರಿದಿವೆ. ಬೆಲ್ ಅಸಮತೆಯನ್ನು ಹೋಲುವ, ಆದರೆ ಬೇರೆ ಬೇರೆ ಕಾಲಗಳಲ್ಲಿ ನಡೆದ ಅಳತೆಗಳನ್ನು ಹೋಲಿಸುವ ಲೆಗೆಟ್–ಗಾರ್ಗ್ ಅಸಮತೆಯ ಉಲ್ಲಂಘನೆಯನ್ನು ಲೋಪಗಳಿಗೆ ಎಡೆಯಿಲ್ಲದಂತೆ ತೋರಿಸಿದ ಪ್ರಯೋಗವು ಅಲ್ಲಿಂದ 2022ರಲ್ಲಿ ಪ್ರಕಟವಾಯಿತು. ಪಂಚರತ್ನಂ ಪ್ರಾವಸ್ಥೆಯ ತತ್ತ್ವವನ್ನು ಬಳಸಿ ತಯಾರಿಸಿದ ಚಪ್ಪಟೆ ಮಸೂರಗಳು ಮತ್ತು ಇತರ ದ್ಯುತಿಸಾಧನಗಳು ಪ್ರಪಂಚದ ಹಲವೆಡೆ ಬಳಕೆಗೆ ಬಂದಿವೆ.

ಅವರ ಸಂಶೋಧನಾ ಜೀವನದ ಅವಧಿ ಒಂದೂವರೆ ದಶಕದಷ್ಟು ಮಾತ್ರ. ತಮ್ಮ ಹೆಸರಿನ ಪ್ರಾವಸ್ಥೆಯು ದ್ಯುತಿವಿಜ್ಞಾನದಿಂದ ಕ್ವಾಂಟಮ್ ಸಿದ್ಧಾಂತದವರೆಗೆ ಹಬ್ಬಿದ್ದನ್ನು ಅವರು ಕಾಣಲಿಲ್ಲ. ಬೆಂಗಳೂರಿನಲ್ಲಿ ಹರಳುಗಳನ್ನೂ ಧ್ರುವಕಗಳನ್ನೂ ಮುಂದಿಟ್ಟುಕೊಂಡು ಕೇಳಿದ ಒಂದು ಪ್ರಶ್ನೆಯಿಂದ ಅದು ಆರಂಭವಾಯಿತು.